ಕೋಲು ಬಿದ್ದಾಗಲೇ ಸದ್ದು ಬರಲಿ

ಡಬ್ಬಿಂಗ್ ಸಿನಿಮಾ ನೋಡುವಾಗ ನಾವು ಎಷ್ಟು ಉದಾರಿಗಳು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾಯಕನ ತುಟಿ ಒಂದು ಹೇಳುತ್ತಿರುತ್ತದೆ, ಕಿವಿಗೆ ಇನ್ನೊಂದು ಬೀಳುತ್ತಿರುತ್ತದೆ. ಮೊದಲ ಐದು ನಿಮಿಷ ಸ್ವಲ್ಪ ಕಿರಿಕಿರಿ. ಆಮೇಲೆ ಕತೆಯೊಳಗೆ ಹೊಕ್ಕು ಎಲ್ಲ ಮರೆತುಬಿಡುತ್ತೇವೆ. ಅದೇ ಒಂದು ಬ್ಯಾಂಡಿನ ಮ್ಯೂಸಿಕ್ ವಿಡಿಯೋದಲ್ಲಿ ಡ್ರಮ್ಮರ್‌ನ ಕೋಲು ಇನ್ನೂ ಗಾಳಿಯಲ್ಲಿರುವಾಗಲೇ 'ಢಬ್' ಅಂತ ಸದ್ದು ಬಂತು ಅನ್ನಿ, ಉದಾರತೆ ಅಲ್ಲಿಗೇ ಮುಗಿಯಿತು. 'ಇವ್ನು ಸುಮ್ನೆ ಆಕ್ಟಿಂಗ್ ಮಾಡ್ತಿದ್ದಾನೆ' ಅಂತ ತೀರ್ಪು ಕೊಟ್ಟು ಮುಂದಿನ ವಿಡಿಯೋಗೆ ಹೋಗುತ್ತೇವೆ.

ಮಾತು ಅನ್ನೋದು ಹರಿಯುವ ನೀರಿನ ಹಾಗೆ. ಒಂದು ಶಬ್ದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಖಚಿತವಾಗಿ ಗೊತ್ತಾಗಲ್ಲ. ಏಟು ಹಾಗಲ್ಲ. ಕೋಲು ತಗುಲುವುದು ಒಂದೇ ಕ್ಷಣ. ಯಕ್ಷಗಾನದಲ್ಲಿ ಚಂಡೆಯ ಏಟಿಗೆ ಸರಿಯಾಗಿ ವೇಷಧಾರಿಯ ಕಾಲು ನೆಲಕ್ಕೆ ಬೀಳದಿದ್ದರೆ ತಾಳ ಗೊತ್ತಿಲ್ಲದವರಿಗೂ ಏನೋ ಎಡವಿತು ಅಂತ ಅನಿಸುತ್ತದಲ್ಲ, ಹಾಗೆ.

ನನ್ನ ಗೆಳೆಯನೊಬ್ಬ ಡ್ರಮ್ಸ್ ಬಾರಿಸುತ್ತಾನೆ. ಹಗಲು ಟೆಸ್ಟಿಂಗ್ ಟೀಮಿನಲ್ಲಿ ಕೆಲಸ, ರಾತ್ರಿ ಪೀಜಿ ರೂಮಿನಲ್ಲಿ ರಬ್ಬರ್ ಪ್ಯಾಡ್ ಮೇಲೆ ಅಭ್ಯಾಸ. ನಾಲ್ಕು ಜನರ ಪುಟ್ಟ ಬ್ಯಾಂಡು, ಕನ್ನಡದಲ್ಲೇ ಸ್ವಂತ ಹಾಡುಗಳು. ಎರಡು ವರ್ಷದ ಹಿಂದೆ ಅವರ ಮೊದಲ ವಿಡಿಯೋವನ್ನು ಯಾರೋ ದುಡ್ಡು ತಗೊಂಡು ಮಾಡಿಕೊಟ್ಟಿದ್ದರು. ನೋಡೋಕೆ ಝಗಮಗ. ಆದರೆ ಹಾಡಿನುದ್ದಕ್ಕೂ ಡ್ರಮ್ಸ್ ನಾಲ್ಕೈದು ಫ್ರೇಮ್ ಆಚೀಚೆ. ಅದನ್ನು ನೋಡಿದ ಅವನ ಸೋದರಮಾವ ಒಂದು ಮದುವೆ ಮನೆಯಲ್ಲಿ ಎಲ್ಲರೆದುರೇ, "ಏನೋ, ನಿಜವಾಗ್ಲೂ ಬಾರಿಸ್ತೀಯೋ, ಇಲ್ಲ ಸುಮ್ನೆ ಕೈ ಆಡಿಸ್ತೀಯೋ?" ಅಂದರಂತೆ. ಸ್ಟುಡಿಯೋದಲ್ಲಿ ಅಷ್ಟೂ ಏಟುಗಳನ್ನು ಬಾರಿಸಿದವನು ಅವನೇ. ತಿಂಗಳುಗಟ್ಟಲೆ ಬೆವರು ಹರಿಸಿ ಕಲಿತದ್ದು ನಾಲ್ಕು ಫ್ರೇಮಿನಿಂದಾಗಿ ನಾಟಕ ಆಗಿಹೋಯಿತು.

ಎರಡನೇ ಹಾಡಿನ ವಿಡಿಯೋ ಎಡಿಟ್ ಮಾಡಿಕೊಡು ಅಂತ ನನ್ನನ್ನು ಕೇಳಿದಾಗ ಅವನು ಇಟ್ಟ ಷರತ್ತು ಒಂದೇ. "ಮಗಾ, ನಾನು ಚೆನ್ನಾಗಿ ಕಾಣ್ಬೇಕು ಅಂತಿಲ್ಲ. ಬಾರಿಸಿದ್ದು ಬಾರಿಸಿದ ಹಾಗೆ ಕಾಣ್ಲಿ, ಅಷ್ಟೆ."

ಇಂಥ ವಿಡಿಯೋ ಹೇಗೆ ತಯಾರಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ನಿಮಗೆ ಕೇಳಿಸುವ ಹಾಡು ಶೂಟಿಂಗ್ ದಿನ ರೆಕಾರ್ಡ್ ಆದದ್ದಲ್ಲ. ಅದು ಎಷ್ಟೋ ದಿನ ಮೊದಲೇ ಸ್ಟುಡಿಯೋದಲ್ಲಿ ಸಿದ್ಧವಾಗಿರುತ್ತದೆ. ಶೂಟಿಂಗ್ ದಿನ ಅದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ಬ್ಯಾಂಡಿನವರು ಅದರ ಜೊತೆಗೇ ಮತ್ತೆ ನುಡಿಸುತ್ತಾರೆ, ಕ್ಯಾಮೆರಾ ಹಿಡಿಯುತ್ತದೆ. ನಮ್ಮ ಸಿನಿಮಾ ಹಾಡುಗಳೂ ಹೀಗೇ. ಹಿಂದೆ ಸೆಟ್ಟಿನಲ್ಲಿ ಹಾಡು ಕೇಳಿಸುತ್ತಿದ್ದದ್ದು ನಾಗ್ರಾ ಎಂಬ ಸ್ವಿಸ್ ಟೇಪ್ ರೆಕಾರ್ಡರಿನಲ್ಲಿ, ಈಗ ಲ್ಯಾಪ್‌ಟಾಪಿನಲ್ಲಿ. ಎಡಿಟಿಂಗ್‌ನಲ್ಲಿ ಕ್ಯಾಮೆರಾದ ಸದ್ದನ್ನು ತೆಗೆದು ಸ್ಟುಡಿಯೋ ಹಾಡನ್ನು ಕೂರಿಸುತ್ತೇವೆ. ನಮ್ಮದು ನಾಲ್ಕು ನಿಮಿಷದ ಹಾಡು, ಮೂರು ಕ್ಯಾಮೆರಾ, ಹನ್ನೊಂದು ಟೇಕ್. ಅಂದರೆ 33 ಕ್ಲಿಪ್. ಎಲ್ಲವೂ ಒಂದೇ ಹಾಡಿನ ಮೇಲೆ ಸರಿಯಾಗಿ ಕೂರಬೇಕು.

ಎಷ್ಟು ಸರಿಯಾಗಿ? ಇದಕ್ಕೆ ಅಳತೆ ಇದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಐಟಿಯು ಅಂದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟೀವಿ ಪ್ರಸಾರಕ್ಕಾಗಿ ಮಾಡಿದ ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರಿಗೆ ಗೊತ್ತಾಗಿಬಿಡುತ್ತದೆ. ತಡವಾಗಿ ಬಂದರೆ ಮಾತ್ರ ಸುಮಾರು 125ರವರೆಗೂ ಗೊತ್ತಾಗಲ್ಲ. ಈ ತಾರತಮ್ಯ ವಿಚಿತ್ರ ಅನಿಸಿದರೆ ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೆನಪಿಸಿಕೊಳ್ಳಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ತಲುಪುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ. ಪ್ರಕೃತಿಯಲ್ಲಿ ಸದ್ದು ತಡವಾಗಬಹುದು, ಮುಂಚಿತವಾಗಿ ಮಾತ್ರ ಬರಲಾರದು. ಹಾಗಾಗಿ ಎರಡು ಫ್ರೇಮಿನ ನಡುವೆ ಯಾವುದು ಸರಿ ಅಂತ ಗೊಂದಲವಾದಾಗ ಚಿತ್ರ ಚೂರು ಮುಂದಿರಲಿ, ಸದ್ದು ಹಿಂದಿರಲಿ. ಅಂದ ಹಾಗೆ ಇದು ಸಾಮಾನ್ಯ ಟೀವಿಯ ಲೆಕ್ಕ. ಡ್ರಮ್ಸಿನ ವಿಷಯದಲ್ಲಿ ನಾನು ಒಂದು ಫ್ರೇಮಿಗಿಂತ ಹೆಚ್ಚು ಸಡಿಲ ಬಿಡಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿಂಕ್ ತಪ್ಪಿದೆ ಅಂತ ಕಂಡ ತಕ್ಷಣ ಬಹಳಷ್ಟು ಜನ ಕ್ಲಿಪ್ಪನ್ನು ಹಿಡಿದು ಎಡಕ್ಕೆ ಬಲಕ್ಕೆ ಎಳೆದಾಡೋಕೆ ಶುರು ಮಾಡುತ್ತಾರೆ. ನಮ್ಮ ಆಫೀಸು ಭಾಷೆಯಲ್ಲಿ ಹೇಳಬೇಕು ಅಂದರೆ, ಬಗ್ ಯಾವುದು ಅಂತ ನೋಡದೆ ಕೋಡ್ ತಿದ್ದಿದ ಹಾಗೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ. ಮೊದಲು ಕೈ ಕಟ್ಟಿಕೊಂಡು ಕೂತು, ಒಂದು ಟೇಕ್ ಅನ್ನು ಪೂರ್ತಿ ಉದ್ದಕ್ಕೆ ಹಾಡಿನ ಮೇಲೆ ಇಟ್ಟು, ಮೂರು ಜಾಗದಲ್ಲಿ ನೋಡಬೇಕು: ಶುರುವಿನಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ. ನೋಡಬೇಕಾದದ್ದು ಗಾಯಕರ ತುಟಿ ಅಲ್ಲ, ಸ್ನೇರ್ ಡ್ರಮ್ಮಿನ ಏಟು. ಕೋಲು ಡ್ರಮ್ಮಿಗೆ ತಗುಲಿದ ಫ್ರೇಮೂ, ಹಾಡಿನ ವೇವ್‌ಫಾರ್ಮಿನಲ್ಲಿ ಸಟ್ಟನೆ ಎದ್ದು ನಿಂತ ಗೆರೆಯೂ ಒಂದೇ ಜಾಗದಲ್ಲಿ ಇವೆಯಾ? ಇಲ್ಲ ಅಂತಾದರೆ ಕಾರಣ ಮೂರರಲ್ಲಿ ಒಂದು.

ಮೊದಲನೆಯದು, ಸರಿದದ್ದು. ಮೂರೂ ಜಾಗದಲ್ಲಿ ತಪ್ಪು ಒಂದೇ ಅಳತೆಯದು. ಇದು ಸುಲಭ. ಎಷ್ಟು ಫ್ರೇಮ್ ಸರಿದಿದೆಯೋ ಅಷ್ಟು ಫ್ರೇಮ್ ವಾಪಸ್ ಸರಿಸಿದರೆ ಆಯಿತು. ದಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ, ಪ್ರೀಮಿಯರ್, ಫೈನಲ್ ಕಟ್‌ಗಳಲ್ಲೂ ಕ್ಯಾಮೆರಾದ ಸದ್ದನ್ನು ಹಾಡಿನ ಸದ್ದಿನ ಜೊತೆ ಹೋಲಿಸಿ ತಾನೇ ಕೂರಿಸುವ ಸೌಲಭ್ಯ ಇದೆ. ಆದ್ದರಿಂದಲೇ ಶೂಟಿಂಗಿನಲ್ಲಿ 'ಹೇಗಿದ್ರೂ ತೆಗೆದು ಬಿಸಾಕ್ತೀವಲ್ಲ' ಅಂತ ಕ್ಯಾಮೆರಾದ ಮೈಕ್ ಆಫ್ ಮಾಡಬಾರದು. ಬಿಸಾಕುವ ಆ ಸದ್ದೇ ನಮಗೆ ದಾರಿ ತೋರಿಸುವುದು.

ಆದರೆ ಸಾಫ್ಟ್‌ವೇರ್ ಮಾಡಿತು ಅಂತ ಕಣ್ಣು ಮುಚ್ಚಿ ನಂಬಬೇಡಿ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸ್ಪೀಕರ್ ಬ್ಯಾಂಡಿನ ಪಕ್ಕದಲ್ಲಿದ್ದು, ಕ್ಯಾಮೆರಾ 15 ಮೀಟರ್ ದೂರದಲ್ಲಿ ಝೂಮ್ ಹಾಕಿಕೊಂಡು ನಿಂತಿದ್ದರೆ, ಆ ಕ್ಯಾಮೆರಾಗೆ ಹಾಡು 43 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಬೆಳಕು ಮಾತ್ರ ಆ ಕ್ಷಣದಲ್ಲೇ ತಲುಪಿರುತ್ತದೆ. ಸಾಫ್ಟ್‌ವೇರ್ ಸದ್ದಿಗೆ ಸದ್ದು ಹೊಂದಿಸಿದಾಗ ಚಿತ್ರ ಒಂದು ಫ್ರೇಮ್ ಮುಂದೆ ಹೋಗಿ ಕೂರುತ್ತದೆ. ದೂರದ ಕ್ಯಾಮೆರಾದ ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ ಒಂದು ಫ್ರೇಮ್ ಬಲಕ್ಕೆ ಸರಿಸಿದರೆ ಸರಿಹೋಗುತ್ತದೆ. ಇನ್ನೊಂದು ತೊಂದರೆ, ಡ್ರಮ್ಸಿನ ಹತ್ತಿರ ಇಟ್ಟ ಕ್ಯಾಮೆರಾಗೆ ಡ್ರಮ್ಸ್ ಬಿಟ್ಟು ಬೇರೇನೂ ಕೇಳಿಸಲ್ಲ. ಅಂಥ ಕಡೆ ಹಳೇ ಕ್ಲಾಪ್ ಬೋರ್ಡೇ ಗತಿ. ಬೋರ್ಡ್ ಇಲ್ಲದಿದ್ದರೆ, ಹಾಡಿಗೆ ಮುಂಚೆ ಬರುವ ಎಣಿಕೆಯ ಬೀಪ್‌ಗಳ ಪೈಕಿ ಕೊನೆಯದಕ್ಕೆ ಸರಿಯಾಗಿ ಎಲ್ಲ ಕ್ಯಾಮೆರಾಗೂ ಕಾಣುವಂತೆ ಒಬ್ಬರು ಜೋರಾಗಿ ಒಂದು ಚಪ್ಪಾಳೆ ಹೊಡೆದರೂ ಸಾಕು. ಶುರುವಿನಲ್ಲಿ ಮರೆತರೆ ಟೇಕ್ ಮುಗಿದ ಮೇಲೆ, ಹಾಡಿನ ಕೊನೆಗೂ ಇಟ್ಟುಕೊಂಡಿರುವ ಬೀಪಿಗೆ ಹೊಡೆಯಿರಿ.

ಎರಡನೆಯದು, ಜಾರುತ್ತಿರುವುದು. ಶುರುವಿನಲ್ಲಿ ಸರಿ, ಮಧ್ಯದಲ್ಲಿ ಚೂರು ತಪ್ಪು, ಕೊನೆಯಲ್ಲಿ ಪೂರ್ತಿ ತಪ್ಪು. ಇದು ಕಾಲದ ಲೆಕ್ಕದ ಸಮಸ್ಯೆ, ಎಷ್ಟು ಸರಿಸಿದರೂ ಹೋಗಲ್ಲ. ಉದಾಹರಣೆಗೆ, 24 ಅಂತ ಹೆಸರು ಹಾಕಿಕೊಂಡ ಎಷ್ಟೋ ಕ್ಯಾಮೆರಾಗಳು ನಿಜವಾಗಿ ಹಿಡಿಯುವುದು 23.976 ಫ್ರೇಮ್. ಆ ಕ್ಲಿಪ್ಪನ್ನು ಸಾಫ್ಟ್‌ವೇರಿನಲ್ಲಿ 24 ಅಂತ ಓದಿಸಿದರೆ ಚಿತ್ರ ಸಾವಿರಕ್ಕೆ ಒಂದು ಪಾಲು ವೇಗವಾಗಿ ಓಡುತ್ತದೆ. ಒಂದು ಪಾಲು ತಾನೇ ಅನ್ನಬೇಡಿ. ನಾಲ್ಕು ನಿಮಿಷ ಅಂದರೆ 240 ಸೆಕೆಂಡ್, ಅದರ ಸಾವಿರದಲ್ಲೊಂದು ಪಾಲು 0.24 ಸೆಕೆಂಡ್. ಹಾಡಿನ ಕೊನೆಗೆ ಬರುವಷ್ಟರಲ್ಲಿ ಆರು ಫ್ರೇಮ್ ಮಾಯ!

ಫೋನಿನಲ್ಲಿ ಶೂಟ್ ಮಾಡಿದರೆ ಇನ್ನೊಂದು ತಲೆನೋವು. ಬೆಳಕು ಕಡಿಮೆಯಾದಾಗ ಬಹಳಷ್ಟು ಫೋನ್‌ಗಳು ನಮಗೆ ಹೇಳದೆ ಕೇಳದೆ ಫ್ರೇಮ್ ರೇಟ್ ಇಳಿಸುತ್ತವೆ. ಫೈಲಿನೊಳಗೆ ಒಂದು ಫ್ರೇಮ್ ಉದ್ದ, ಒಂದು ಗಿಡ್ಡ. ಎಡಿಟಿಂಗ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿಕೊಂಡರೆ ಕಾಟ ತಪ್ಪುತ್ತದೆ. ಇನ್ನೂ ಒಳ್ಳೆಯದು, ಶೂಟಿಂಗ್ ದಿನವೇ ಎಲ್ಲ ಕ್ಯಾಮೆರಾಗಳನ್ನೂ 25ಕ್ಕೆ ಇಟ್ಟು, ಷಟರ್ 50ರಲ್ಲಿ ಒಂದು ಭಾಗಕ್ಕೆ ಲಾಕ್ ಮಾಡುವುದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುವುದೂ ತಪ್ಪುತ್ತದೆ.

ಮೂರನೆಯದು, ಬೇರೆಯೇ ಬಾರಿಸಿದ್ದು. ಇಡೀ ಟೇಕ್ ಸರಿಯಾಗಿದೆ, ಒಂದೆರಡು ಕಡೆ ಮಾತ್ರ ತಪ್ಪು. ಇಲ್ಲಿ ಕ್ಯಾಮೆರಾದ ತಪ್ಪೂ ಇಲ್ಲ, ಸಾಫ್ಟ್‌ವೇರಿನ ತಪ್ಪೂ ಇಲ್ಲ. ಮನುಷ್ಯ ಆ ಕ್ಷಣದಲ್ಲಿ ರೆಕಾರ್ಡಿಂಗಿನಲ್ಲಿ ಬಾರಿಸಿದ್ದನ್ನು ಬಿಟ್ಟು ಬೇರೇನೋ ಬಾರಿಸಿದ್ದಾನೆ, ಅಷ್ಟೆ. ಇದನ್ನು ಗುರುತಿಸುವುದು ಮುಖ್ಯ. ಯಾಕೆಂದರೆ ಇಂಥ ಜಾಗದಲ್ಲಿ ಕ್ಲಿಪ್ಪನ್ನು ಸರಿಸಿದರೆ ಸರಿಯಾಗಿದ್ದ ಉಳಿದದ್ದೂ ಹಾಳಾಗುತ್ತದೆ.

ಮೂರನೆಯದರ ಹಾಗೇ ಕಾಣುವ ಒಂದು ಮಾರುವೇಷದ ಕಾಯಿಲೆಯೂ ಇದೆ, ಬ್ಲೂಟೂತ್. ಹಾಡು ಬ್ಲೂಟೂತ್ ಸ್ಪೀಕರಿನಲ್ಲಿ ಸುಮಾರು ಒಂದರಿಂದ ಎರಡು ದಶಾಂಶ ಸೆಕೆಂಡ್ ತಡವಾಗಿ ಬರುವುದು ಮಾಮೂಲು. ಎಲ್ಲರೂ ಅದೇ ಸ್ಪೀಕರ್ ಕೇಳಿಕೊಂಡು ನುಡಿಸಿದರೆ ಚಿಂತೆ ಇಲ್ಲ, ತಡ ಎಲ್ಲರಿಗೂ ಒಂದೇ. ಆದರೆ ಡ್ರಮ್ಸಿನ ಗದ್ದಲದಲ್ಲಿ ಹಾಡು ಕೇಳಿಸಲ್ಲ ಅಂತ ಡ್ರಮ್ಮರ್‌ಗೆ ಮಾತ್ರ ತಂತಿಯ ಇಯರ್‌ಫೋನ್ ಕೊಟ್ಟು, ಉಳಿದವರು ಬ್ಲೂಟೂತ್ ಸ್ಪೀಕರ್ ಕೇಳುತ್ತಿದ್ದರೆ? ಒಂದೇ ಚೌಕಟ್ಟಿನೊಳಗೆ ಡ್ರಮ್ಮರ್ ಮುಂದೆ, ಗಿಟಾರಿನವರು ಹಿಂದೆ. ಆ ದೃಶ್ಯವನ್ನು ಯಾವ ಎಡಿಟರೂ ಉಳಿಸಲಾರ. ಪೀಣ್ಯದ ಒಂದು ಖಾಲಿ ಶೆಡ್ಡಿನಲ್ಲಿ ಭಾನುವಾರ ಒಂದೇ ದಿನಕ್ಕೆ ಬಾಡಿಗೆ ಹಿಡಿದು ನಾವು ಶೂಟ್ ಮಾಡಿದಾಗ ಎಲ್ಲರಿಗೂ ತಂತಿಯಲ್ಲೇ ಹಾಡು. ಎಡಿಟಿಂಗ್‌ಗೆ ಕೂತಾಗಲೂ ಅಷ್ಟೆ, ಸಿಂಕ್ ನೋಡುವಾಗ ಬ್ಲೂಟೂತ್ ಇಯರ್‌ಬಡ್ ಕಿವಿಯಿಂದ ತೆಗೆಯಿರಿ. ಇಲ್ಲದಿದ್ದರೆ ಸರಿಯಿರುವುದನ್ನೇ ಸರಿ ಮಾಡುತ್ತಾ ರಾತ್ರಿ ಕಳೆಯುತ್ತೀರಿ.

ಒಮ್ಮೆ 33 ಕ್ಲಿಪ್ಪುಗಳೂ ಸರಿಯಾಗಿ ಕೂತ ಮೇಲೆ ಹಾಡಿನ ಟ್ರ್ಯಾಕನ್ನು ಲಾಕ್ ಮಾಡಿ, ಕ್ಯಾಮೆರಾ ಸದ್ದುಗಳನ್ನು ಮ್ಯೂಟ್ ಮಾಡಿ, ಎಲ್ಲವನ್ನೂ ಒಂದು ಮಲ್ಟಿಕ್ಯಾಮ್ ಕ್ಲಿಪ್ಪಾಗಿ ಕಟ್ಟಿಬಿಡಿ. ಅಲ್ಲಿಯವರೆಗೆ ಕತ್ತರಿ ಹಾಕಬೇಡಿ. ಚೂರು ಮಾಡಿದ ಮೇಲೆ ಸಿಂಕ್ ಮಾಡಲು ಹೊರಟರೆ 33 ಕಡೆ ಮಾಡುವ ಕೆಲಸವನ್ನು 300 ಕಡೆ ಮಾಡಬೇಕಾಗುತ್ತದೆ. ಹಾಗೇ ಶೂಟಿಂಗ್ ಆದ ಮೇಲೆ ಹಾಡನ್ನು ಮುಟ್ಟಬೇಡಿ ಅಂತ ಬ್ಯಾಂಡಿಗೆ ಮೊದಲೇ ಹೇಳಿ. ಸದ್ದು ಹೆಚ್ಚು ಕಡಿಮೆ ಮಾಡಿಕೊಳ್ಳಲಿ, ಪರವಾಗಿಲ್ಲ. ವೇಗ ಬದಲಿಸಿದರೆ ಮಾತ್ರ ಮುಗಿಯಿತು ಕತೆ.

ಸ್ಲೋ ಮೋಷನ್ ಬೇಕು ಅನ್ನುವವರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, ಅದಕ್ಕೆ ಹಾಡಿಸಿ, 50 ಫ್ರೇಮಿನಲ್ಲಿ ಶೂಟ್ ಮಾಡಿ, 25ರಲ್ಲಿ ಓಡಿಸಿದರೆ ದೇಹ ತೇಲುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. 1983ರಲ್ಲಿ ಗಾಡ್ಲಿ ಮತ್ತು ಕ್ರೀಮ್ ಜೋಡಿ ದಿ ಪೊಲೀಸ್ ಬ್ಯಾಂಡಿನ 'ರ‍್ಯಾಪ್ಡ್ ಅರೌಂಡ್ ಯುವರ್ ಫಿಂಗರ್' ವಿಡಿಯೋವನ್ನು ಹೀಗೆಯೇ ಹಾಡನ್ನು ವೇಗವಾಗಿ ಹಾಕಿ ಚಿತ್ರೀಕರಿಸಿದ್ದರು. ಸುತ್ತಲೂ ಉರಿಯುವ ಮೇಣದಬತ್ತಿಗಳ ನಡುವೆ ಸ್ಟಿಂಗ್ ತೇಲಿದ ಹಾಗೆ ಓಡಾಡುವುದನ್ನು ನೋಡಿ, ಲೆಕ್ಕ ಅರ್ಥವಾಗುತ್ತದೆ.

ಸಿಂಕ್ ಅನ್ನೋದು ಒಂಥರಾ ಸಾಕ್ಷಿ ಹೇಳುವ ಕೆಲಸ. 'ಈ ಸದ್ದು ಮಾಡಿದ್ದು ಈ ಕೈ' ಅಂತ. 1991ರ ನವೆಂಬರಿನಲ್ಲಿ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ನಿರ್ವಾಣ ಬ್ಯಾಂಡ್ ಬಂದಾಗ, ವಾದ್ಯಗಳೆಲ್ಲ ಮೊದಲೇ ರೆಕಾರ್ಡ್ ಆದದ್ದು, ಹಾಡುವುದು ಮಾತ್ರ ಅಲ್ಲಿಯೇ ಅನ್ನುವ ನಿಯಮ ಇತ್ತು. ಕರ್ಟ್ ಕೊಬೇನ್ ಗಿಟಾರಿನ ತಂತಿ ಮುಟ್ಟಿದ ಹಾಗೆ ಮಾಡಿ ಮುಟ್ಟದೆ, ಬೇಕಂತಲೇ ದಪ್ಪ ಗಂಟಲಿನಲ್ಲಿ ಹಾಡಿ ಹೋದ. ನುಡಿಸದೆ ನುಡಿಸಿದ ಹಾಗೆ ನಟಿಸು ಅಂದರೆ ಒಬ್ಬ ಸಂಗೀತಗಾರನಿಗೆ ಎಷ್ಟು ಉರಿಯುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ನಿಜವಾಗಿ ನುಡಿಸಿದವನನ್ನು ನಟಿಸಿದ ಹಾಗೆ ತೋರಿಸುವುದು ಅದಕ್ಕಿಂತ ಕೆಟ್ಟದ್ದು.

ನಮ್ಮ ವಿಡಿಯೋದಲ್ಲಿ ಈ ಮೂರನೇ ಬಗೆಯದ್ದೇ ಜಗಳಕ್ಕೆ ಕಾರಣವಾಯಿತು. ಹಾಡಿನ ಕೊನೆಯ ಪಲ್ಲವಿಗೆ ಮುಂಚೆ ಡ್ರಮ್ಸಿನ ಒಂದು ಉರುಳು ಇದೆ, ಎರಡು ಸೆಕೆಂಡಿನದ್ದು. ನನ್ನ ಗೆಳೆಯನ ಹೆಮ್ಮೆಯ ಜಾಗ ಅದು. ಏಳನೇ ಟೇಕ್‌ನಲ್ಲಿ ಬೆಳಕು ಅದ್ಭುತವಾಗಿತ್ತು, ಶೆಡ್ಡಿನ ತಗಡಿನ ಸಂದಿಯಿಂದ ಸಂಜೆ ಬಿಸಿಲು ಸೀದಾ ಸಿಂಬಲ್ ಮೇಲೆ. ಆದರೆ ಆ ಟೇಕ್‌ನಲ್ಲಿ ಅವನು ಉರುಳನ್ನು ಬೇರೆ ಥರ ಬಾರಿಸಿ, ಎಡಗಡೆಯ ಸಿಂಬಲ್ ಬದಲು ಬಲಗಡೆಯದಕ್ಕೆ ಹೊಡೆದಿದ್ದ. ರೆಕಾರ್ಡಿಂಗಿನ ಹಾಗೆ ಕೈ ಓಡಿದ್ದು ನಾಲ್ಕನೇ ಟೇಕ್‌ನಲ್ಲಿ, ಅದೂ ಮೂಲೆಯ ಫೋನಿನಲ್ಲಿ ಮಾತ್ರ. ಹಿಂದೆ ಒಂದು ಹಸಿರು ಬಕೆಟ್ಟು, ಚಿತ್ರ ಮಸುಕು.

ಗಾಯಕ ಏಳನೆಯದೇ ಇರಲಿ ಅಂದ. "ಲೋ, ಯಾವ ಸಿಂಬಲ್ ಅಂತ ಯಾರು ನೋಡ್ತಾರೋ?" ಅವನ ಮಾತೂ ಸುಳ್ಳಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಜನ ನೋಡಲ್ಲ. ಗಿಟಾರಿನಲ್ಲಾದರೆ ನಾನೂ ಒಪ್ಪುತ್ತಿದ್ದೆ. ಬೆರಳು ಯಾವ ತಂತಿಯ ಮೇಲಿದೆ ಅಂತ ದೂರದಿಂದ ಕಾಣಲ್ಲ, ಒಂದೆರಡು ಫ್ರೇಮ್ ಸರಿಸಿ ಹೊಂದಿಸಿಕೊಳ್ಳಬಹುದು, ಇಲ್ಲ ಅಂದರೆ ಆ ಕ್ಷಣಕ್ಕೆ ಗಾಯಕನ ಮುಖ ಹಾಕಿ ಜಾರಿಕೊಳ್ಳಬಹುದು. ಆದರೆ ಇಲ್ಲಿ ಗಾಯಕನ ಮುಖ ಹಾಕಿದರೆ ಉರುಳು ಕಾಣುವುದೇ ಇಲ್ಲ. ಏಳನೆಯದು ಹಾಕಿದರೆ ಚಂದದ ಸುಳ್ಳು. ಅರ್ಧ ಗಂಟೆ ವಾದ ಆಯಿತು, ಎರಡು ಸುತ್ತು ಟೀ ಆಯಿತು. ಡ್ರಮ್ಮರ್ ಮಾತ್ರ ಬಾಯಿ ಬಿಡಲಿಲ್ಲ, ಸ್ಕ್ರೀನ್ ನೋಡುತ್ತಾ ಕೂತಿದ್ದ. ಕೊನೆಗೆ ಬಾಸ್ ಗಿಟಾರಿನ ಹುಡುಗಿ, "ಅವನ ಎರಡು ಸೆಕೆಂಡ್ ಅದು, ಅವನಿಗೇ ಬಿಡ್ರೋ" ಅಂದಳು. ಬಕೆಟ್ಟಿನ ಟೇಕ್ ಹಾಕಿದೆವು. ಬಣ್ಣ ತಿದ್ದಿ, ಚೌಕಟ್ಟು ಸ್ವಲ್ಪ ಹಿಗ್ಗಿಸಿ ಬಕೆಟ್ಟನ್ನು ಅರ್ಧ ಹೊರಗೆ ತಳ್ಳಿದ್ದಷ್ಟೇ ನನ್ನ ಕೈಚಳಕ. ಇನ್ನರ್ಧ ಬಕೆಟ್ಟು ಈಗಲೂ ಅಲ್ಲೇ ಇದೆ.

ವಿಡಿಯೋಗೆ ಲಕ್ಷಗಟ್ಟಲೆ ನೋಡುಗರೇನೂ ಬರಲಿಲ್ಲ. ಸೋದರಮಾವ ನೋಡಿದರೋ ಇಲ್ಲವೋ ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಮೂರು ವಾರದ ನಂತರ ಹಾಸನದ ಕಡೆಯ ಒಬ್ಬ ಕಾಲೇಜು ಹುಡುಗ ಅವನಿಗೆ ಮೆಸೇಜ್ ಮಾಡಿದ್ದ. ಆ ಎರಡು ಸೆಕೆಂಡನ್ನು ನಿಧಾನ ವೇಗದಲ್ಲಿ ಇಟ್ಟು, ನಿಲ್ಲಿಸಿ ನಿಲ್ಲಿಸಿ ನೋಡಿ, ಯಾವ ಏಟು ಬಲಗೈದು ಯಾವುದು ಎಡಗೈದು ಅಂತ ಬರೆದುಕೊಂಡಿದ್ದನಂತೆ. "ಅಣ್ಣಾ, ಆರನೇ ಏಟು ಎಡಗೈನಾ? ನಾನು ಹಂಗೇ ಪ್ರಾಕ್ಟೀಸ್ ಮಾಡ್ತಿದೀನಿ, ಸರಿನಾ?" ಅಂತ ಪ್ರಶ್ನೆ.

ಸರಿಯಾಗಿಯೇ ಇತ್ತು. ಎಡಗೈಯೇ.

ನೀವೂ ಗೆಳೆಯರ ಬ್ಯಾಂಡಿಗೋ, ತಂಗಿಯ ವೀಣೆ ಕಛೇರಿಗೋ, ಊರಿನ ಡೊಳ್ಳಿನ ತಂಡಕ್ಕೋ ವಿಡಿಯೋ ಮಾಡಲು ಕೂತರೆ, ಅಪ್‌ಲೋಡ್ ಬಟನ್ ಒತ್ತುವ ಮೊದಲು ಒಂದು ಸಲ ನುಡಿಸಿದವರ ಕೈ ಮಾತ್ರ ನೋಡುತ್ತಾ ಪೂರ್ತಿ ಓಡಿಸಿ. ತಂತಿಯ ಇಯರ್‌ಫೋನಿನಲ್ಲಿ. ಎಲ್ಲಾದರೂ ತಪ್ಪು ಕಂಡರೆ ತಕ್ಷಣ ಎಳೆಯಬೇಡಿ. ಸರಿದದ್ದಾ, ಜಾರುತ್ತಿರುವುದಾ, ಇಲ್ಲ ಬೇರೆಯೇ ಬಾರಿಸಿದ್ದಾ ಅಂತ ಮೊದಲು ಕೇಳಿಕೊಳ್ಳಿ. ಮೊದಲ ಎರಡನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು. ಮೂರನೆಯದಕ್ಕೆ ನುಡಿಸಿದವರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.